ಡೀಸೆಲ್ ಹೊಗೆ, ಅಡಿಟಿವ್, ಕ್ಯಾಟಲಿಸ್ಟ್: ಕೊಡಗಿನ ವಾಹನ, ಪಂಪ್‌ಸೆಟ್, ಜನರೇಟರ್ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದ ಪಿಕಪ್, ಹಳೆಯ ಜೀಪು, ಹೂಮಳೆ ಕೈಕೊಟ್ಟಾಗ ಓಡಿಸುವ ಸ್ಪ್ರಿಂಕ್ಲರ್ ಪಂಪ್‌ಸೆಟ್, ಮಳೆಗಾಲದಲ್ಲಿ ಕರೆಂಟು ಹೋದಾಗಿನ ಜನರೇಟರ್, ಬಿಎಸ್-6 (ಭಾರತ್ ಸ್ಟೇಜ್ 6 ಮಾಲಿನ್ಯ ನಿಯಮದ) ಕಾರು. ಒಂದೇ ಮನೆಯಲ್ಲಿ ಇವಿಷ್ಟೂ ಇರುವುದು ಕೊಡಗಿನಲ್ಲಿ ಸಾಮಾನ್ಯ. ಅಡಿಟಿವ್ ಎಂದರೆ ಡೀಸೆಲ್‌ಗೆ ಬೆರೆಸುವ ದ್ರಾವಣ, ಕ್ಯಾಟಲಿಸ್ಟ್ ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಇವೆಲ್ಲಕ್ಕೂ ಹೊಂದುವ ಮದ್ದು ಒಂದೇ ಬಾಟಲಿಯಲ್ಲಿ ಸಿಗುವುದಿಲ್ಲ. ಯಾವ ಎಂಜಿನ್‌ಗೆ ಏನು ಉಪಯೋಗ, ಯಾವುದರಿಂದ ಹಾನಿ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಡೀಸೆಲ್ ಹೊಗೆಯಲ್ಲಿ ನಿಜವಾಗಿ ಕೆಟ್ಟದ್ದು ಯಾವುದು?

ಮುಖ್ಯವಾಗಿ ನಾಲ್ಕು: ಮಸಿಯ ಸೂಕ್ಷ್ಮ ಕಣಗಳು, ನೈಟ್ರೋಜನ್ ಆಕ್ಸೈಡ್‌ಗಳು, ಕಾರ್ಬನ್ ಮೊನಾಕ್ಸೈಡ್, ಅರ್ಧಂಬರ್ಧ ಉರಿದ ಹೈಡ್ರೋಕಾರ್ಬನ್. ಕಣ್ಣಿಗೆ ಕಾಣುವುದು ಮಸಿ ಮಾತ್ರ. ನೈಟ್ರೋಜನ್ ಆಕ್ಸೈಡ್ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಕಣ್ಣು ಗಂಟಲು ಉರಿಸಿದಾಗ ಗೊತ್ತಾಗುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗಕ್ಕೆ ಸೇರಿಸಿತು.

ಮಸಿ ಮತ್ತು ನೈಟ್ರೋಜನ್ ಆಕ್ಸೈಡ್ ಒಂದಕ್ಕೊಂದು ಎದುರಾಳಿಗಳು. ಉರಿ ಜೋರಾಗಿ, ಬಿಸಿಯಾಗಿ ಆದರೆ ಮಸಿ ಕಡಿಮೆಯಾಗಿ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಉರಿ ತಣ್ಣಗಾದರೆ ಇದು ತಿರುಗಾಮುರುಗಾ. "ಎಲ್ಲ ಮಾಲಿನ್ಯವನ್ನೂ ಒಟ್ಟಿಗೆ ಇಳಿಸುತ್ತದೆ" ಎಂದು ಬರೆದ ಬಾಟಲಿಯನ್ನು ಅನುಮಾನದಿಂದಲೇ ನೋಡಿ.

ಗಾಡಿ ಕಪ್ಪು ಹೊಗೆ ಉಗುಳುತ್ತಿದೆ. ಯಾವ ಅಡಿಟಿವ್ ಹಾಕಲಿ?

ಸದ್ಯಕ್ಕೆ ಯಾವುದೂ ಬೇಡ. ಕಪ್ಪು ಹೊಗೆ ಎಂದರೆ ಸಿಗುವ ಗಾಳಿಯಲ್ಲಿ ಉರಿಯುವುದಕ್ಕಿಂತ ಡೀಸೆಲ್ ಹೆಚ್ಚಾಗಿದೆ, ಅಥವಾ ಡೀಸೆಲ್ ಸರಿಯಾಗಿ ಹುಡಿಯಾಗದೆ ಹನಿಹನಿಯಾಗಿ ಬೀಳುತ್ತಿದೆ ಎಂದರ್ಥ. ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಕಾಫಿ ಕೊಯ್ಲಿನ ಹೊತ್ತಿಗೆ ತೋಟದ ಮಣ್ಣುರಸ್ತೆಯ ಕೆಂಪು ದೂಳು ಕಾಗದದ ಫಿಲ್ಟರನ್ನು ಸರ್ವಿಸ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಬೇಗ ಕಟ್ಟಿಸುತ್ತದೆ. ಹಳೆಯ ಪಂಪ್‌ಸೆಟ್‌ನಲ್ಲಿ ಎಣ್ಣೆ ತುಂಬುವ ಏರ್ ಕ್ಲೀನರ್ ಇದ್ದರೆ ಬಟ್ಟಲಿನ ಎಣ್ಣೆ ಕೆಸರಾಗಿದೆಯೇ ನೋಡಿ, ಬದಲಾಯಿಸಿ, ಗುರುತಿನವರೆಗೆ ಮಾತ್ರ ತುಂಬಿಸಿ. ಹೆಚ್ಚು ತುಂಬಿದರೆ ಎಂಜಿನ್ ಆ ಎಣ್ಣೆಯನ್ನೇ ಒಳಗೆಳೆದುಕೊಳ್ಳುತ್ತದೆ.

ಆಮೇಲೆ ಇಂಜೆಕ್ಟರ್, ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ. ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ನಾಜಲ್ ಟೆಸ್ಟರ್‌ಗೆ ಹಾಕಿಸಿ. ತಯಾರಕರು ಹೇಳಿದ ಒತ್ತಡದಲ್ಲಿ ತೆರೆಯಬೇಕು, ಎಲ್ಲ ತೂತುಗಳಿಂದ ಸಮನಾಗಿ ಮಂಜಿನಂತೆ ಚಿಮ್ಮಬೇಕು, ಚಿಮ್ಮಿದ ಮೇಲೆ ತುದಿ ಒದ್ದೆಯಾಗಿ ತೊಟ್ಟಿಕ್ಕಬಾರದು. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಆ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಎಷ್ಟೇ ಸಣ್ಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಂಜೆಕ್ಟರ್ ಸರಿಯಿದ್ದರೆ ಟೈಮಿಂಗ್, ಟ್ಯಾಪೆಟ್ ಸಂದು, ಟರ್ಬೊದ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ರಬ್ಬರ್ ಹೋಸ್ ಬಿರುಕು ನೋಡಿಸಿ. ಫ್ಯುಯೆಲ್ ಪಂಪಿನ ಸೀಲು ಒಡೆದು ಯಾರಾದರೂ "ಪಿಕಪ್ ಬರಲಿ" ಎಂದು ಸ್ಕ್ರೂ ತಿರುಗಿಸಿದ್ದರೆ ಅದನ್ನೂ ಮೊದಲಿನ ಜಾಗಕ್ಕೆ ತರಿಸಬೇಕು.

ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ನೋಡಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಅನುಮಾನಿಸಿ.

ಕೆಳಗೆ ಸರಿಯಿದ್ದ ಎಂಜಿನ್ ಮಡಿಕೇರಿಗೆ ಬಂದರೆ ಹೊಗೆ ಹೆಚ್ಚು. ಯಾಕೆ?

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಕರಾವಳಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆ. ಟರ್ಬೊ ಇಲ್ಲದ ಹಳೆಯ ಎಂಜಿನ್‌ನ ಮೆಕ್ಯಾನಿಕಲ್ ಪಂಪಿಗೆ ಇದು ತಿಳಿಯುವುದಿಲ್ಲ, ಮಂಗಳೂರಿನಲ್ಲಿ ಕೊಡುತ್ತಿದ್ದಷ್ಟೇ ಡೀಸೆಲ್ ಇಲ್ಲೂ ಕೊಡುತ್ತದೆ. ಗಾಳಿ ಸಾಲದೆ ಮಸಿಯಾಗುತ್ತದೆ. ಪಂಪಿನಲ್ಲಿ ಗರಿಷ್ಠ ಡೀಸೆಲ್ ಪ್ರಮಾಣವನ್ನು ಸ್ವಲ್ಪ ಇಳಿಸುವುದೇ ಇದಕ್ಕೆ ಪರಿಹಾರ. ಶಕ್ತಿ ಒಂದಿಷ್ಟು ಕಡಿಮೆಯಾಗುತ್ತದೆ, ಆದರೆ ಆ ಶಕ್ತಿ ಹೇಗೂ ಸಿಗುತ್ತಿರಲಿಲ್ಲ, ಡೀಸೆಲ್ ಸೈಲೆನ್ಸರಿನಲ್ಲಿ ಹೋಗುತ್ತಿತ್ತು. ಡೀಸೆಲ್ ಪ್ರಮಾಣವನ್ನು ಕಂಪ್ಯೂಟರ್ ನಿರ್ಧರಿಸುವ ಕಾಮನ್ ರೈಲ್ ಎಂಜಿನ್‌ಗಳು ಸೆನ್ಸರ್ ನೋಡಿ ತಾವೇ ಸರಿಮಾಡಿಕೊಳ್ಳುತ್ತವೆ.

ಹಾಗಾದರೆ ಅಡಿಟಿವ್‌ಗಳೆಲ್ಲ ಬರೀ ಓಳೇ?

ಅಲ್ಲ. ಕೆಲಸ ಮಾಡುವವು ಇವೆ, ಆದರೆ ಒಂದೊಂದಕ್ಕೂ ಒಂದೇ ಕೆಲಸ.

ಡಿಟರ್ಜೆಂಟ್ ಬಗೆಯವು ಇಂಜೆಕ್ಟರ್ ತುದಿಯ ಮಸಿಗಟ್ಟಿದ ಪದರ ತೆಗೆಯುತ್ತವೆ, ಹೊಸದು ಕಟ್ಟದಂತೆ ತಡೆಯುತ್ತವೆ. ನಾಜಲ್ ಕೊಳಕಾಗಿದ್ದರೆ ಎರಡು ಮೂರು ಟ್ಯಾಂಕ್ ಓಡುವಷ್ಟರಲ್ಲಿ ವ್ಯತ್ಯಾಸ ಕಾಣಬಹುದು. ನಾಜಲ್ ಸವೆದಿದ್ದರೆ ಏನೂ ಆಗದು, ಸವೆದ ಲೋಹವನ್ನು ಯಾವ ದ್ರಾವಣವೂ ಮತ್ತೆ ತುಂಬುವುದಿಲ್ಲ.

ಸೀಟೇನ್ (ಡೀಸೆಲ್ ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಎಂಬ ಅಂಕ) ಹೆಚ್ಚಿಸುವವುಗಳಲ್ಲಿ ಹೆಚ್ಚಾಗಿ ಇರುವುದು 2-ಎಥೈಲ್‌ಹೆಕ್ಸೈಲ್ ನೈಟ್ರೇಟ್. ಡೀಸೆಲ್ ಸಿಲಿಂಡರಿನಲ್ಲಿ ಬೇಗ ಹತ್ತಿಕೊಳ್ಳುವಂತೆ ಮಾಡುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಸುಲಭ, ಬಡಿತದ ಸದ್ದು ಕಡಿಮೆ, ಆರಂಭದ ಬಿಳಿ ಹೊಗೆಯೂ ಹೈಡ್ರೋಕಾರ್ಬನ್ನೂ ಕಡಿಮೆ. ಆದರೆ ಬಿಎಸ್-6 ಡೀಸೆಲ್‌ಗೆ ಕನಿಷ್ಠ 51 ಸೀಟೇನ್ ಇರಲೇಬೇಕು. ಒಳ್ಳೆಯ ಬಂಕಿನ ಡೀಸೆಲ್‌ಗೆ ಇದನ್ನು ಸೇರಿಸಿ ಸಿಗುವ ಲಾಭ ಸಣ್ಣದು. ಇದರ ಆವಿ ಕುಡಿದರೆ ತಲೆನೋವು ಗ್ಯಾರಂಟಿ, ಗಾಳಿಯಾಡುವ ಕಡೆ ಬಳಸಿ, ಬಿಸಿಲಿಗೆ ಬೆಂಕಿಗೆ ದೂರವಿಡಿ.

ಲೂಬ್ರಿಸಿಟಿ ಅಡಿಟಿವ್ ಪಂಪ್ ಸವೆಯದಂತೆ ಕಾಪಾಡುತ್ತದೆ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಾರುಗುಣ ಹೋಗುತ್ತದೆ, ಹಾಗಾಗಿ ಕಂಪನಿಗಳೇ ಇದನ್ನು ಸೇರಿಸಿ ಕಳಿಸುತ್ತವೆ. ಹೊಗೆಗೂ ಇದಕ್ಕೂ ನೇರ ಸಂಬಂಧವಿಲ್ಲ.

ಅಯಸ್ಕಾಂತದ ಪಟ್ಟಿ, ಪೈಪಿಗೆ ಸುತ್ತುವ ತಾಮ್ರದ ಸುರುಳಿ, ಟ್ಯಾಂಕಿನೊಳಗೆ ಹಾಕುವ ಲೋಹದ ಗುಂಡು: ದುಡ್ಡು ದಂಡ.

ಅಳತೆ ಹೇಗೆ?

ಲೇಬಲ್ ಮೇಲೆ 1:1000 ಎಂದಿದ್ದರೆ ಲೀಟರಿಗೆ 1 ಮಿಲಿ. 40 ಲೀಟರ್‌ಗೆ 40 ಮಿಲಿ, 200 ಲೀಟರಿನ ಬ್ಯಾರಲ್‌ಗೆ 200 ಮಿಲಿ. ಬಾಟಲಿ ಮುಚ್ಚಳದಲ್ಲಿ ಅಂದಾಜು ಮಾಡುವ ಬದಲು ಸಿರಿಂಜಿನಲ್ಲಿ ಅಳೆಯಿರಿ. ಟ್ಯಾಂಕ್ ಕಾಲುಭಾಗಕ್ಕೆ ಬಂದಾಗ ಮೊದಲು ಅಡಿಟಿವ್, ಆಮೇಲೆ ಡೀಸೆಲ್. ಬೀಳುವ ಡೀಸೆಲ್ಲೇ ಅದನ್ನು ಕಲಸುತ್ತದೆ. ಒಂದು ಪಾಲು ಒಳ್ಳೆಯದಾದರೆ ಎರಡು ಪಾಲು ಇನ್ನೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ಕಂಪನಿಯ ಅಡಿಟಿವ್ ಒಟ್ಟಿಗೆ ಹಾಕಿದರೆ ಅವು ಒಂದಕ್ಕೊಂದು ಕೂಡಿ ಅಂಟಾಗಿ ಫಿಲ್ಟರಿನಲ್ಲಿ ಕೂರಬಹುದು. ಹಳೆಯ ಟ್ಯಾಂಕಿಗೆ ಮೊದಲ ಸಲ ಡಿಟರ್ಜೆಂಟ್ ಹಾಕಿದರೆ ತಳದ ಗಸಿ ಎದ್ದು ಡೀಸೆಲ್ ಫಿಲ್ಟರ್ ಕಟ್ಟಬಹುದು. ಬದಲಿ ಫಿಲ್ಟರ್ ಕೈಯಲ್ಲಿಟ್ಟುಕೊಂಡೇ ಶುರುಮಾಡಿ.

ಸೀರಿಯಂ ಇರುವ ಅಡಿಟಿವ್‌ಗೆ ಕ್ಯಾಟಲಿಸ್ಟ್ ಎನ್ನುತ್ತಾರಲ್ಲ, ಅದನ್ನು ಪಂಪ್‌ಸೆಟ್‌ಗೆ ಹಾಕಬಹುದೇ?

ಬೇಡ. ಸೀರಿಯಂ ಒಂದು ಲೋಹ. ಅದರ ಆಕ್ಸೈಡ್ ಆಕ್ಸಿಜನ್ನನ್ನು ಹಿಡಿದು ಬಿಡುತ್ತ ಮಸಿ ಕಡಿಮೆ ಬಿಸಿಗೇ ಉರಿಯುವಂತೆ ಮಾಡುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. 2000ರಲ್ಲಿ ಫ್ರಾನ್ಸಿನ ಪ್ಯೂಜೊ 607 ಕಾರಿನಲ್ಲಿ ಮಸಿ ಫಿಲ್ಟರ್ ಬಂದಾಗ ಜೊತೆಗೆ ಸೀರಿಯಂ ಅಡಿಟಿವ್‌ನ ಪುಟ್ಟ ಟ್ಯಾಂಕೂ ಇತ್ತು. ಡೀಸೆಲ್ ತುಂಬಿಸಿದಾಗಲೆಲ್ಲ ಕಂಪ್ಯೂಟರೇ ಅಳೆದು ಸೇರಿಸುತ್ತಿತ್ತು. ಅಲ್ಲಿ ಹಿಂದೆ ಫಿಲ್ಟರ್ ಇದೆ, ಸೀರಿಯಂ ಬೂದಿ ಅದರಲ್ಲೇ ಉಳಿಯುತ್ತದೆ. ಫಿಲ್ಟರ್ ಇಲ್ಲದ ಪಂಪ್‌ಸೆಟ್‌ನಲ್ಲಿ ಆ ಲೋಹದ ಅತಿಸೂಕ್ಷ್ಮ ಕಣಗಳು ನೇರ ಗಾಳಿಗೆ, ಪಕ್ಕದಲ್ಲಿ ಪೈಪು ಬದಲಾಯಿಸುತ್ತ ನಿಂತವರ ಉಸಿರಿಗೆ ಹೋಗುತ್ತವೆ. ಇದರ ಪ್ರಮಾಣವೂ ಕೈಯಳತೆಗೆ ಸಿಗುವಂಥದ್ದಲ್ಲ. ಹತ್ತು ಲಕ್ಷಕ್ಕೆ 5 ಭಾಗ ಎಂದರೆ 40 ಲೀಟರ್ ಡೀಸೆಲ್‌ಗೆ ಸುಮಾರು 0.17 ಗ್ರಾಂ. ಕಬ್ಬಿಣದ ಫೆರೊಸೀನ್, ಮ್ಯಾಂಗನೀಸ್ ಇರುವವುಗಳಿಗೂ ಇದೇ ಮಾತು. ತಯಾರಕರು ಕೈಪಿಡಿಯಲ್ಲಿ ಹೇಳದ ಹೊರತು ಲೋಹವಿರುವ ಅಡಿಟಿವ್‌ನ ಗೋಜಿಗೆ ಹೋಗಬೇಡಿ.

ಡಿಒಸಿ, ಡಿಪಿಎಫ್, ಎಸ್‌ಸಿಆರ್: ಯಾವುದು ಏನು ಮಾಡುತ್ತದೆ?

ಹೊಗೆ ಹೋಗುವ ದಾರಿಯಲ್ಲೇ ಹೇಳುತ್ತೇವೆ. ಮೊದಲು ಡಿಒಸಿ, ಅಂದರೆ ಡೀಸೆಲ್ ಆಕ್ಸಿಡೇಶನ್ ಕ್ಯಾಟಲಿಸ್ಟ್. ಜೇನುಹುಟ್ಟಿನ ಕಣ್ಣುಗಳಂತಿರುವ ಪಿಂಗಾಣಿ ಅಥವಾ ಲೋಹದ ದಿಮ್ಮಿ, ಮೇಲೆ ಪ್ಲಾಟಿನಂ, ಪಲ್ಲಾಡಿಯಂ ಲೇಪ. ಸುಮಾರು 200 ರಿಂದ 250 ಡಿಗ್ರಿಗೆ ಚುರುಕಾಗಿ ಕಾರ್ಬನ್ ಮೊನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ ಉರಿಸುತ್ತದೆ, ಕಮಟು ವಾಸನೆ ಹೋಗುತ್ತದೆ. ಒಣ ಮಸಿಯನ್ನು ಹೆಚ್ಚೇನೂ ತಡೆಯುವುದಿಲ್ಲ. ಆಮೇಲೆ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್. ಇದರ ಕೊಳವೆಗಳ ಒಂದೊಂದು ತುದಿ ಬಿಟ್ಟು ಬಿಟ್ಟು ಮುಚ್ಚಿರುವುದರಿಂದ ಹೊಗೆ ಗೋಡೆಯ ಸಣ್ಣ ರಂಧ್ರಗಳ ಮೂಲಕವೇ ನುಗ್ಗಬೇಕು, ಮಸಿ ಗೋಡೆಗೆ ಹಿಡಿಯುತ್ತದೆ. ಕೊನೆಗೆ ಎಸ್‌ಸಿಆರ್, ಅಂದರೆ ನೈಟ್ರೋಜನ್ ಆಕ್ಸೈಡ್ ಇಳಿಸುವ ಕ್ಯಾಟಲಿಸ್ಟ್. ಯೂರಿಯಾ ದ್ರಾವಣ (ಡಿಇಎಫ್) ಚಿಮುಕಿಸಿದಾಗ ಬಿಸಿಗೆ ಅಮೋನಿಯ ಆಗಿ, ಕ್ಯಾಟಲಿಸ್ಟಿನ ಮೇಲೆ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿ ಬರೀ ನೈಟ್ರೋಜನ್ ಮತ್ತು ನೀರಾವಿ ಆಗುತ್ತದೆ.

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಾಗ ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋಮೀಟರಿಗೆ 0.25 ಗ್ರಾಂನಿಂದ 0.08ಕ್ಕೆ, ಕಣಗಳ ಮಿತಿ 0.025ರಿಂದ 0.0045ಕ್ಕೆ ಇಳಿಯಿತು. ಡೀಸೆಲ್‌ನಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದದ್ದರಿಂದಲೇ ಇದು ಸಾಧ್ಯವಾಯಿತು. ಗಂಧಕ ಹೆಚ್ಚಿದ್ದರೆ ಕ್ಯಾಟಲಿಸ್ಟಿನ ಮೇಲ್ಮೈಯನ್ನೇ ಅದು ಮುಚ್ಚುತ್ತದೆ.

ಕಾರಿನ ಡಿಪಿಎಫ್ ದೀಪ ಪದೇ ಪದೇ ಹತ್ತುತ್ತದೆ. ಕೆಟ್ಟಿದೆಯೇ?

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ, ಓಡಿಸುವ ರೀತಿ ಹೊಂದುತ್ತಿರುವುದಿಲ್ಲ. ಮನೆಯಿಂದ ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಐದಾರು ಕಿಲೋಮೀಟರ್ ಹೋಗಿ, ಎಂಜಿನ್ ಆರಿಸಿ, ಮತ್ತೆ ತಿರುಗಿ ಬರುವ ಕಾರಿನಲ್ಲಿ ಸೈಲೆನ್ಸರ್ ಸರಿಯಾಗಿ ಕಾಯುವುದೇ ಇಲ್ಲ. ಮಸಿ ತಾನಾಗಿ ಸ್ವಲ್ಪಸ್ವಲ್ಪ ಉರಿಯಲು 250 ಡಿಗ್ರಿಗೂ ಮೇಲೆ ಬೇಕು. ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಬಿಟ್ಟು ಒತ್ತಾಯದಿಂದ ಉರಿಸುವಾಗ (ಇದಕ್ಕೆ ರೀಜನರೇಷನ್ ಎನ್ನುತ್ತಾರೆ) ಒಳಗೆ ಸುಮಾರು 600 ಡಿಗ್ರಿ. ಆ ಕೆಲಸ ನಡೆಯುತ್ತಿರುವಾಗಲೇ ಮನೆ ಬಂತೆಂದು ಆರಿಸಿದರೆ ಅರ್ಧಕ್ಕೆ ನಿಲ್ಲುತ್ತದೆ.

ದೀಪ ಬಿಡದೆ ಹತ್ತಿದ್ದರೆ, ಎಂಜಿನ್ ಬಿಸಿಯಾದ ಮೇಲೆ ಒಂದು ಗೇರ್ ಕೆಳಗಿಟ್ಟು 2,000 ಆರ್‌ಪಿಎಂ ಮೇಲೆ 20 ರಿಂದ 25 ನಿಮಿಷ ಒಂದೇ ಸಮ ಓಡಿಸಿ. ಕುಶಾಲನಗರದಿಂದ ಪಿರಿಯಾಪಟ್ಟಣದ ಕಡೆಯ ರಸ್ತೆ ಇದಕ್ಕೆ ಅನುಕೂಲ. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗಲೂ ಸೈಲೆನ್ಸರ್ ಚೆನ್ನಾಗಿ ಕಾಯುತ್ತದೆ. ಇಳಿಯುವಾಗ ಪ್ರಯೋಜನವಿಲ್ಲ: ಆಕ್ಸಿಲರೇಟರ್ ಬಿಟ್ಟಾಗ ಡೀಸೆಲ್ಲೇ ಹೋಗದೆ ತಣ್ಣನೆ ಗಾಳಿ ಮಾತ್ರ ಹಾಯುತ್ತದೆ. ದೀಪ ಮಿಣುಕತೊಡಗಿದರೆ, ಜೊತೆಗೆ ಎಂಜಿನ್ ದೀಪವೂ ಬಂದು ಎಳೆತ ಇಲ್ಲದಂತಾದರೆ ಓಡಿಸುವ ಪ್ರಯತ್ನ ಬಿಟ್ಟು ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಎರಡು ಎಚ್ಚರಿಕೆ. ನಿಲ್ಲಿಸಿಕೊಂಡು ರೀಜನರೇಷನ್ ಮಾಡುವ ಗುಂಡಿ ಇರುವ ಗಾಡಿಯನ್ನು ಒಣ ತರಗೆಲೆ, ಹುಲ್ಲು, ಕಾಫಿ ಸಿಪ್ಪೆಯ ರಾಶಿ, ಕಣದ ಟಾರ್ಪಾಲಿನ ಮೇಲೆ ನಿಲ್ಲಿಸಿ ಆ ಗುಂಡಿ ಒತ್ತಬೇಡಿ. ಸೈಲೆನ್ಸರ್ ತುದಿಯ ಬಿಸಿಗೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ, ಫೆಬ್ರವರಿ ಮಾರ್ಚ್‌ನಲ್ಲಂತೂ. ಎರಡನೆಯದು ಡಿಪ್‌ಸ್ಟಿಕ್. ರೀಜನರೇಷನ್ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಏರಿದ್ದರೆ, ಮೂಗಿಗೆ ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಾಯಿಸಿ.

ಎಂಜಿನ್ ಆಯಿಲ್‌ಗೂ ಡಿಪಿಎಫ್‌ಗೂ ಏನು ಸಂಬಂಧ?

ಮಸಿ ಉರಿದುಹೋಗುತ್ತದೆ, ಬೂದಿ ಉರಿಯುವುದಿಲ್ಲ. ಬೂದಿ ಬರುವುದು ಹೆಚ್ಚಾಗಿ ಎಂಜಿನ್ ಆಯಿಲಿನ ಕ್ಯಾಲ್ಸಿಯಂ, ಜಿಂಕ್, ರಂಜಕದಿಂದ. ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಹಾಕಿ: ಕಾರಿಗೆ ಎಸಿಇಎ ಸಿ ವರ್ಗ, ದೊಡ್ಡ ಗಾಡಿಗೆ ಎಪಿಐ ಸಿಕೆ-4, ಹೀಗೆ. ಟ್ರ್ಯಾಕ್ಟರ್‌ಗೆ ತಂದ ಆಯಿಲ್ ಉಳಿದಿದೆ ಎಂದು ಕಾರಿಗೆ ಸುರಿಯುವುದು ತೋಟದ ಮನೆಗಳಲ್ಲಿ ನಡೆಯುತ್ತದೆ, ಅದು ದುಬಾರಿ ಉಳಿತಾಯ.

ಡಿಇಎಫ್ ಬದಲು ಗೊಬ್ಬರದ ಯೂರಿಯಾ ಕರಗಿಸಿ ಹಾಕಬಹುದೇ?

ಖಂಡಿತ ಬೇಡ. ಡಿಇಎಫ್ ಅಥವಾ ಆಡ್‌ಬ್ಲೂ ಎಂದರೆ 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು, ಐಎಸ್‌ಒ 22241 ಗುಣಮಟ್ಟದ್ದು. ಗೋದಾಮಿನಲ್ಲಿರುವ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇದೆ, ಬೈಯುರೆಟ್ ಎಂಬ ಕಲ್ಮಶ ಹೆಚ್ಚಿರುತ್ತದೆ, ಮೇಲೆ ಬಾವಿನೀರಿನ ಕ್ಯಾಲ್ಸಿಯಂ ಬೇರೆ. ದ್ರಾವಣ ಚಿಮುಕಿಸುವ ಡೋಸಿಂಗ್ ನಾಜಲ್ ಕಟ್ಟುತ್ತದೆ, ಕ್ಯಾಟಲಿಸ್ಟ್ ಒಮ್ಮೆ ಹಾಳಾದರೆ ತೊಳೆದು ಸರಿಮಾಡುವಂಥದ್ದಲ್ಲ. ಸಬ್ಸಿಡಿ ಯೂರಿಯಾವನ್ನು ಬೇಸಾಯ ಬಿಟ್ಟು ಬೇರೆಯದಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ದೊಡ್ಡ ಗಾಡಿಗಳಲ್ಲಿ ಸಾಮಾನ್ಯವಾಗಿ 100 ಲೀಟರ್ ಡೀಸೆಲ್‌ಗೆ 3 ರಿಂದ 5 ಲೀಟರ್ ಡಿಇಎಫ್ ಖರ್ಚಾಗುತ್ತದೆ. ಅದಕ್ಕಿಂತ ತೀರಾ ಕಡಿಮೆ ಇಳಿಯುತ್ತಿದ್ದರೆ ನಾಜಲ್ ಕಟ್ಟಿದೆ ಎಂದು ಅನುಮಾನಿಸಿ. ಕ್ಯಾನನ್ನು ನೆರಳಿನಲ್ಲಿ, ಮುಚ್ಚಳ ಬಿಗಿಮಾಡಿ ಇಡಿ. 25 ಡಿಗ್ರಿಯೊಳಗೆ ಸುಮಾರು 18 ತಿಂಗಳು ಬಾಳುತ್ತದೆ, 35 ಡಿಗ್ರಿಯಲ್ಲಿ ಆರು ತಿಂಗಳಷ್ಟೇ. ಇದು ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುವಂಥದ್ದು, ಕೊಡಗಿನ ಚಳಿ ಇದಕ್ಕೆ ಲೆಕ್ಕಕ್ಕಿಲ್ಲ. ಡೀಸೆಲ್ ಸುರಿದ ಲಾಳಿಕೆಯಲ್ಲಿ ಡಿಇಎಫ್ ಸುರಿಯಬೇಡಿ. ಬಾಯಿಯ ಸುತ್ತ ಬಿಳಿ ಹರಳು ಕಟ್ಟಿದ್ದರೆ ನೀರಿನಲ್ಲಿ ಒರೆಸಿ.

ತಪ್ಪಿ ಡಿಇಎಫ್ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ಕೂಡ ತಿರುಗಿಸಬೇಡಿ. ಕೀ ತಿರುಗಿಸಿದರೆ ಟ್ಯಾಂಕಿನೊಳಗಿನ ಪಂಪ್ ಅದನ್ನು ಲೈನಿಗೆ ತಳ್ಳುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ ತೊಳೆಸುವ ಖರ್ಚು, ಹೈಪ್ರೆಶರ್ ಪಂಪ್ ಮತ್ತು ಇಂಜೆಕ್ಟರ್ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಜನರೇಟರ್ ಸೈಲೆನ್ಸರಿನಿಂದ ಕಪ್ಪು ಜಿಗುಟು ಎಣ್ಣೆ ಸೋರುತ್ತಿದೆ. ಡಿಒಸಿ ಹಾಕಿಸಿದರೆ ಸರಿಹೋಗುತ್ತದೆಯೇ?

ಲೋಡ್ ಎಷ್ಟಿದೆ ಎಂದು ಮೊದಲು ನೋಡಿ. 25 ಕೆವಿಎ ಸೆಟ್ಟಿನಲ್ಲಿ ಮನೆಯ ಬಲ್ಬು, ಫ್ರಿಜ್ಜು ಮಾತ್ರ ಓಡಿಸಿದರೆ ಲೋಡ್ ಹತ್ತು ಶೇಕಡಾ ಕೂಡ ಬರುವುದಿಲ್ಲ. 30 ಶೇಕಡಾಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೆ ಸಿಲಿಂಡರ್ ಸರಿಯಾಗಿ ಕಾಯದೆ, ಅರೆಬೆಂದ ಡೀಸೆಲ್ ಮತ್ತು ಆಯಿಲ್ ಸೈಲೆನ್ಸರಿನಲ್ಲಿ ಕೂರುತ್ತವೆ. ಅಲ್ಲಿಗೆ ಡಿಒಸಿ ಹಾಕಿಸಿದರೆ ಅದೂ ಕಾಯುವುದಿಲ್ಲ, ಮಸಿ ಹಿಡಿದು ಕಟ್ಟಿ, ಹಿಂದೊತ್ತಡ ಹೆಚ್ಚಿ, ಎಂಜಿನ್ ಇನ್ನಷ್ಟು ಹೊಗೆಯಾಡುತ್ತದೆ. ತಿಂಗಳಿಗೊಮ್ಮೆಯಾದರೂ ಪಲ್ಪರ್ ಮೋಟಾರು, ಬಾವಿಯ ಪಂಪು ಎಲ್ಲ ಹಾಕಿ 70 ಶೇಕಡಾ ಆಸುಪಾಸಿನ ಲೋಡಿನಲ್ಲಿ ಒಂದೆರಡು ಗಂಟೆ ಓಡಿಸಿ. ಲೋಡು ಹಂತಹಂತವಾಗಿ ಏರಿಸಿ. ಹೊಸದು ಕೊಳ್ಳುವವರಿಗೆ ನಮ್ಮ ಸಲಹೆ: ಅಗತ್ಯಕ್ಕೆ ತಕ್ಕ ಸಣ್ಣ ಸೆಟ್ಟನ್ನೇ ಕೊಳ್ಳಿ. 2023ರ ಜುಲೈಯಿಂದ ಬಂದಿರುವ ಸಿಪಿಸಿಬಿ-4 ಪ್ಲಸ್ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ) ನಿಯಮದ ಸೆಟ್‌ಗಳು ಹಳೆಯವಕ್ಕಿಂತ ಬಹಳ ಶುದ್ಧ.

ಲೋಡು ಸರಿಯಿದ್ದು ವಾಸನೆ ಮಾತ್ರ ತೊಂದರೆಯಾಗಿದ್ದರೆ ಡಿಒಸಿಯಿಂದ ಲಾಭವಿದೆ. ಎಂಜಿನ್ ಅಳತೆಗೆ ತಕ್ಕದ್ದನ್ನು ಮ್ಯಾನಿಫೋಲ್ಡಿಗೆ ಹತ್ತಿರ ಹಾಕಿಸಿ, ಅದರ ಮುಂಭಾಗದ ಪೈಪಿನಲ್ಲಿ ಒತ್ತಡ ಅಳೆಯಲು ಒಂದು ತೂತು ಬಿಡಿಸಿ. ಕ್ಯಾಟಲಿಸ್ಟ್ ಇದೆ ಎಂಬ ಧೈರ್ಯದಲ್ಲಿ ಜನರೇಟರನ್ನು ಮುಚ್ಚಿದ ಕೋಣೆಯಲ್ಲೋ, ಜನ ಮಲಗುವ ಲೈನ್‌ಮನೆಯ ಗೋಡೆಗೆ ತಾಗಿಸಿಯೋ ಇಡುವುದು ಮಾತ್ರ ಬೇಡವೇ ಬೇಡ. ತಣ್ಣಗಿರುವಾಗ ಕ್ಯಾಟಲಿಸ್ಟ್ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ.

ಬ್ಯಾರಲಿನ ಡೀಸೆಲ್ ಮಳೆಗಾಲ ಕಳೆದ ಮೇಲೆ ಬಳಸಿದರೆ ಹೊಗೆ ಯಾಕೆ?

ನೀರು. ಅರ್ಧ ತುಂಬಿದ ಬ್ಯಾರಲಿನೊಳಗಿನ ತೇವ ರಾತ್ರಿ ತಣ್ಣಗಾಗಿ ಹನಿಗಟ್ಟಿ ತಳ ಸೇರುತ್ತದೆ. ನಿಲ್ಲಿಸಿಟ್ಟ ಬ್ಯಾರಲಿನ ಮೇಲೆ ನಿಂತ ಮಳೆನೀರನ್ನು ಸಡಿಲ ಮುಚ್ಚಳ ಒಳಗೆಳೆಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಂದುಬಣ್ಣದ ಲೋಳೆ ಆಗುತ್ತದೆ, ಅದು ಫಿಲ್ಟರಿಗೆ ಬರುತ್ತದೆ. ಬ್ಯಾರಲನ್ನು ಮಾಡಿನ ಕೆಳಗೆ, ಸ್ವಲ್ಪ ವಾಲಿಸಿ, ಮುಚ್ಚಳ ಎತ್ತರದ ಬದಿಗೆ ಬರುವಂತೆ ಇಡಿ. ತಳದ ಕೆಲವು ಇಂಚು ಬಿಟ್ಟು ಮೇಲಿನಿಂದ ಕೈಪಂಪಿನಲ್ಲಿ ತೆಗೆಯಿರಿ. ವಾಹನದ ವಾಟರ್ ಸೆಪರೇಟರಿನ ಅಡಿಯ ಸ್ಕ್ರೂ ಸಡಿಲಿಸಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಗಾಜಿನ ಬಾಟಲಿಗೆ ಬಸಿದು ನೋಡಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಲೋಳೆ ಹಿಡಿದಿದ್ದರೆ ಡೀಸೆಲ್‌ಗೆಂದೇ ಬರುವ ಬಯೋಸೈಡ್ ಹಾಕಬೇಕು, ಆದರೆ ಮೊದಲು ನೀರು ತೆಗೆಯದೆ ಹಾಕಿದರೆ ವ್ಯರ್ಥ.

ಸೀಮೆಎಣ್ಣೆ, ನುಸಿಗುಳಿಗೆ, ಟೂಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಡೀಸೆಲ್‌ಗೆ ಬೆರೆಸಬಹುದೇ?

ಸೀಮೆಎಣ್ಣೆಗೆ ಜಾರುಗುಣವಿಲ್ಲ, ಪಂಪ್ ತಿನ್ನುತ್ತದೆ. ನುಸಿಗುಳಿಗೆಯ ನಾಫ್ತಲೀನ್ ತಡವಾಗಿ ಹತ್ತಿಕೊಳ್ಳುವ ವಸ್ತು, ಮಸಿ ಹೆಚ್ಚಿಸುತ್ತದೆ. ಟೂಟಿ ಆಯಿಲ್ ಉರಿದು ಬಿಡುವ ಬೂದಿ ಡಿಪಿಎಫ್ ಸೇರುತ್ತದೆ. ಮೂರೂ ಬೇಡ.

ಡಿಪಿಎಫ್ ಒಳಗಿನದನ್ನು ತೆಗೆದು ಖಾಲಿ ಡಬ್ಬ ಮಾಡಿಕೊಡುತ್ತೇವೆ ಎನ್ನುತ್ತಾರೆ. ಮಾಡಿಸಲೇ?

ಬೇಡ. ಮಾಡಿಸಿದರೆ ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು. ಬಿಎಸ್-3 ಮತ್ತು ಹಿಂದಿನ ಡೀಸೆಲ್ ವಾಹನಕ್ಕೆ ಮಿತಿ 65 ಹಾರ್ಟ್ರಿಜ್ ಘಟಕ (ಹೊಗೆ ಎಷ್ಟು ದಟ್ಟ ಎಂಬುದರ ಅಳತೆ), ಬಿಎಸ್-4ಕ್ಕೆ 50, ಬಿಎಸ್-6ಕ್ಕೆ ಬೆಳಕು ಹೀರುವ ಗುಣಾಂಕ ಮೀಟರಿಗೆ 0.7. ಮಾಲಿನ್ಯ ಮಿತಿ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ರಡಿ ದಂಡ ಹತ್ತು ಸಾವಿರ ರೂಪಾಯಿವರೆಗೆ ಹೋಗಬಹುದು. ಬೂದಿ ತುಂಬಿದ ಡಿಪಿಎಫನ್ನು ಬಿಚ್ಚಿ ಯಂತ್ರದಲ್ಲಿ ಶುದ್ಧಮಾಡಿಸಲು ಬರುತ್ತದೆ. ಪ್ರೆಶರ್ ವಾಷರಿನಲ್ಲಿ ತೊಳೆದರೆ ಗೋಡೆ ಒಡೆಯುತ್ತದೆ. ಬಿಚ್ಚುವ ಮೊದಲು ಒತ್ತಡದ ಸೆನ್ಸರ್ ಮತ್ತು ಅದರ ಎರಡು ರಬ್ಬರ್ ಕೊಳವೆ ನೋಡಿಸಿ. ಕೊಳವೆ ಬಿರುಕು ಬಿಟ್ಟು ಸುಳ್ಳು ದೀಪ ಬರುವುದೂ ಉಂಟು.

ಅಡಿಟಿವ್ ಹಾಕಿದ ಮೇಲೆ ಹೊಗೆ ಇಳಿಯಿತೋ ಇಲ್ಲವೋ ತಿಳಿಯುವುದು ಹೇಗೆ?

ಕಣ್ಣಂದಾಜು ನಂಬಬೇಡಿ, ಮೈಲೇಜಿನ ಅಂದಾಜನ್ನಂತೂ ಇನ್ನೂ ನಂಬಬೇಡಿ. ಘಾಟಿ ರಸ್ತೆಯಲ್ಲಿ ಲೋಡು, ಮಳೆ, ಡ್ರೈವರನ ಕಾಲು ಸೇರಿ ಅದು ದಿನಕ್ಕೊಂದು ಬಗೆ. ಹಾಕುವ ಮೊದಲು ಎಂಜಿನ್ ಚೆನ್ನಾಗಿ ಬಿಸಿಮಾಡಿ ಹೊಗೆ ತಪಾಸಣಾ ಕೇಂದ್ರದಲ್ಲಿ ಅಂಕಿ ತೆಗೆಸಿ, ಚೀಟಿ ಇಟ್ಟುಕೊಳ್ಳಿ. ಎರಡು ಮೂರು ಟ್ಯಾಂಕ್ ಆದ ಮೇಲೆ ಅದೇ ಕೇಂದ್ರಕ್ಕೆ, ಅದೇ ರೀತಿ ಬಿಸಿಮಾಡಿ ಹೋಗಿ. ನಡುವೆ ಫಿಲ್ಟರ್, ಇಂಜೆಕ್ಟರ್ ಏನನ್ನೂ ಬದಲಿಸಿರಬಾರದು. ಒಂದೇ ದಿನ ಬೆನ್ನಿಗೆ ಬೆನ್ನು ತೆಗೆದ ಅಂಕಿಗಳಲ್ಲೇ ಸ್ವಲ್ಪ ಏರುಪೇರು ಇರುತ್ತದೆ, ಅದಕ್ಕಿಂತ ಹೆಚ್ಚಿನ ಇಳಿತ ಕಂಡರೆ ಮಾತ್ರ ಮುಂದಿನ ಬಾಟಲಿ ಕೊಳ್ಳಿ.